ಮಕ್ಕಳ ಮುಂದೆ ಸುಳ್ಳಾಡದ ಅಬ್ಲಾ ಇನ್ಶಿರಾಹ್

ನೈಲ್ ನದಿ ಸಮುದ್ರ ಸೇರುವ ನಮ್ಮ ಇಜ್ಬತ್ ಅಲ್ ಬುರ್ಜ್ ಊರಿನಲ್ಲಿ ಶಿಶುಶಿಕ್ಷಣವೆಂದರೆ ಅಕ್ಷರಮಾಲೆ, ಅಂಕಿಗಳು ಮತ್ತು ಕೈಕಟ್ಟಿ ಕೂರುವುದು ಎಂದು ಎಲ್ಲರೂ ನಂಬಿದ್ದ ಕಾಲದಲ್ಲಿ, ಅಳುವುದನ್ನು, ಸಿಟ್ಟಾಗುವುದನ್ನು, ಜಗಳವಾಡಿದ ಮೇಲೆ ಮತ್ತೆ ಅದೇ ಗೆಳೆಯನ ಪಕ್ಕ ಹೋಗಿ ಕೂರುವುದನ್ನು ಕೂಡ ಮಗು ಕಲಿಯಬೇಕಾಗುತ್ತದೆ, ಅದಕ್ಕೆ ಅಕ್ಷರ ಕಲಿಯುವುದಕ್ಕಿಂತ ಹೆಚ್ಚು ಸಮಯ ಬೇಕಾಗುತ್ತದೆ ಎಂದು ಸಾರಿದವರು ಮಾನ್ಯ ಅಬ್ಲಾ ಇನ್ಶಿರಾಹ್ ಅಬ್ದುಲ್ ಮೌಲಾ ಅವರು. ಆ ಸಮಯವನ್ನು ಅವರು ಧಾರಾಳವಾಗಿ ಕೊಟ್ಟರು. ಕೊಟ್ಟ ಸಮಯವೆಲ್ಲ ನನ್ನದು ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ.

ಅವರ ನಿವೃತ್ತಿಯ ನಿಮಿತ್ತ ಹೊರಬರುತ್ತಿರುವ ಈ ಗ್ರಂಥಕ್ಕೆ ಅವರ ತಾಳ್ಮೆಯನ್ನು ಕುರಿತು ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕರು ನನ್ನನ್ನು ಕೇಳಿದರು. ಅವರ ಕೈಕೆಳಗೆ ಸಹಶಿಕ್ಷಕಿಯಾಗಿ ಆಯಸ್ಸಿನ ಅರ್ಧ ಕಳೆದವಳು ನಾನು. ಅವರ ದೆಸೆಯಿಂದ ನಾನು ಕಳೆದುಕೊಂಡ ತಾಳ್ಮೆಯ ಬಗ್ಗೆಯಾದರೆ ಬರೆಯಬಲ್ಲೆ ಎಂದೆ. ಅದನ್ನೇ ಬರೆಯಿರಿ ಎಂದರು. ಆದ್ದರಿಂದ ಈ ಬರಹದಲ್ಲಿ ಅಲ್ಲಲ್ಲಿ ಗೊಣಗಾಟ ಕೇಳಿಸಿದರೆ ತಪ್ಪು ಸಂಪಾದಕರದು.

ಅಬ್ಲಾ (ಶಿಕ್ಷಕಿಯರನ್ನು ನಮ್ಮಲ್ಲಿ ಕರೆಯುವುದೇ ಹೀಗೆ) ನಮ್ಮ ಶಿಶುವಿಹಾರಕ್ಕೆ ಮುಖ್ಯಸ್ಥೆಯಾಗಿ ಬಂದಾಗ ಅಲ್ಲಿ ಎಲ್ಲವೂ ಅಚ್ಚುಕಟ್ಟಾಗಿತ್ತು. ಬೆಳಿಗ್ಗೆ ತಾಯಂದಿರು ಮಕ್ಕಳನ್ನು ತಂದು ಬಿಡುತ್ತಿದ್ದರು. ನಾನು ಮಗುವಿಗೆ ಗೋಡೆಯ ಮೇಲಿನ ಬಣ್ಣದ ಮೀನುಗಳನ್ನು ತೋರಿಸುತ್ತಿದ್ದೆ. ಮಗು ಆ ಕಡೆ ತಿರುಗಿದಾಗ ತಾಯಿ ಮೆಲ್ಲಗೆ ಜಾರಿಕೊಳ್ಳುತ್ತಿದ್ದಳು. ಬಂದ ವಾರದಲ್ಲೇ ಅಬ್ಲಾ ಇದನ್ನು ನಿಲ್ಲಿಸಿದರು. ಪ್ರತಿಯೊಬ್ಬ ತಾಯಿಯೂ ಮಗುವಿನ ಮುಖ ನೋಡಿ, "ನಾನು ಹೋಗ್ತಿದೀನಿ, ಮಧ್ಯಾಹ್ನದ ನಮಾಜು ಆದ ಮೇಲೆ ಬರ್ತೀನಿ" ಎಂದು ಹೇಳಿಯೇ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದರು. ಮಾರನೆಯ ದಿನ ಎದ್ದ ಅಳುವಿನ ಅಬ್ಬರವನ್ನು ಏನೆಂದು ವರ್ಣಿಸಲಿ! ಎದುರಿನ ಕಾಫಿ ಅಂಗಡಿಯವನು ರಸ್ತೆ ದಾಟಿ ಬಂದು, "ಅಮ್ಮಾ, ಒಳಗೆ ಮಕ್ಕಳನ್ನ ಸಾಕ್ತಿದ್ದೀರೋ ಸುಲೀತಿದ್ದೀರೋ?" ಎಂದು ಕೇಳಿದ. ತಾಯಂದಿರು ನನ್ನ ಮೇಲೆ ಹರಿಹಾಯ್ದರು. ಅಬ್ಲಾ ಮಾತ್ರ ಅಳುವ ಮಕ್ಕಳ ನಡುವೆ ನೆಲದ ಮೇಲೆ ಕುಳಿತು, "ಅಮ್ಮ ಹೋದ್ಲು ಅಂತ ಸಂಕಟ ಆಗ್ತಿದೆ, ಅಲ್ವಾ?" ಎಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಿದ್ದರು. ಸಂಕಟವಾಗುತ್ತಿದೆ ಎಂದು ಕಾಣಿಸುವುದಿಲ್ಲವೇ? ಕೇಳಿ ಮತ್ತಷ್ಟು ಅಳಿಸಬೇಕೇ?

ಆಮೇಲೆ ನಿಂತುಹೋದದ್ದು ಕ್ಷಮಾಪಣೆ. ಇಬ್ಬರು ಮಕ್ಕಳು ಬಡಿದಾಡಿಕೊಂಡರೆ, "ತಪ್ಪಾಯ್ತು ಅನ್ನು, ಮುತ್ತು ಕೊಡು" ಎಂದು ನಾನು ಕ್ಷಣದಲ್ಲಿ ಇತ್ಯರ್ಥ ಮಾಡುತ್ತಿದ್ದೆ. "ಅವನಿಗೆ ತಪ್ಪು ಅಂತ ಅನ್ಸಿಲ್ವಲ್ಲ ರಾವಿಯಾ, ಬಾಯಲ್ಲಿ ಯಾಕೆ ಹೇಳಿಸ್ತೀಯ?" ಎಂದು ಅಬ್ಲಾ ಅದನ್ನೂ ಬಿಡಿಸಿದರು. ಇಲಾಖೆಯ ಅಧಿಕಾರಿಗಳು ತಪಾಸಣೆಗೆ ಬಂದ ದಿನವೇ ಇಬ್ಬರು ಹುಡುಗರು ಒಂದು ಬಕೆಟ್ಟಿಗಾಗಿ ಜಗ್ಗಾಡುತ್ತಿದ್ದರು. ಅಬ್ಲಾ ಅವರಿಬ್ಬರ ಪಕ್ಕ ಮಂಡಿಯೂರಿ ಕುಳಿತಿದ್ದವರು ಏಳಲೇ ಇಲ್ಲ. "ಸ್ವಲ್ಪ ಕೂತ್ಕೊಳ್ಳಿ ಸಾಹೇಬ್ರೇ, ಇವರದ್ದು ಇನ್ನೂ ಮುಗಿದಿಲ್ಲ" ಎಂದರು. ದಪ್ಪ ಮೈಯ ಆ ಸಾಹೇಬರು ಮಕ್ಕಳ ಕುರ್ಚಿಯೊಂದರಲ್ಲಿ ಸಿಕ್ಕಿಕೊಂಡಂತೆ ಕುಳಿತು, ನಾನು ತಂದ ಚಹಾ ಆರುವ ತನಕ ಆ ಬಕೆಟ್ಟಿನ ವ್ಯಾಜ್ಯ ನೋಡಿದರು. ಆ ವರ್ಷ ನಮಗೆ ಹೊಸ ಜಾರುಬಂಡೆ ಮಂಜೂರಾಗಲಿಲ್ಲ.

ಇಷ್ಟಾದರೂ ಒಂದನ್ನು ಹೇಳದಿದ್ದರೆ ಅನ್ಯಾಯವಾದೀತು. ನನ್ನ ತಾಯಿ ತೀರಿಕೊಂಡು ಕೆಲಸಕ್ಕೆ ಮರಳಿದ ದಿನ ನಾನು ಸಾಮಾನಿನ ಕೋಣೆಯಲ್ಲಿ ಕುಳಿತು ಅಳುತ್ತಿದ್ದೆ. ಬಾಗಿಲು ತೆರೆದವರು ಅಬ್ಲಾ. ಅಳಬೇಡ ಎನ್ನಲಿಲ್ಲ, ದೇವರ ಇಚ್ಛೆ ಎನ್ನಲಿಲ್ಲ. ಒಂದು ಲೋಟ ನೀರು ಒಳಗಿಟ್ಟು, ಬಾಗಿಲೆಳೆದುಕೊಂಡು, ನನ್ನ ತರಗತಿಯ ಮಕ್ಕಳನ್ನೂ ಸೇರಿಸಿಕೊಂಡು ಅಂಗಳಕ್ಕೆ ಹೋದರು. ಅತ್ತು ಮುಗಿಸಿ ಹೊರಬಂದಾಗ ನನ್ನ ಮಕ್ಕಳೆಲ್ಲ ತಲೆಯಿಂದ ಕಾಲಿನವರೆಗೆ ಕೆಸರಾಗಿದ್ದರು. ಅವರನ್ನು ತೊಳೆಯುವ ಕೆಲಸ ಯಾರ ಪಾಲಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಈಗ ರಿತಾಜಳ ವಿಷಯಕ್ಕೆ ಬರುತ್ತೇನೆ. ಆಕೆಯ ಕುಟುಂಬದ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದಿನ ಮಾತು, ರಿತಾಜ್ ಆಗ ನಾಲ್ಕು ವರ್ಷದ ಹುಡುಗಿ. ತಂದೆ ಶಹಾತಾ ಮೀನುಗಾರ. ಆ ಚಳಿಗಾಲದ ಬಿರುಗಾಳಿಯಲ್ಲಿ ಅವನ ದೋಣಿ ಮುಳುಗಿತು. ಬದುಕಿ ಬಂದ ಜೊತೆಗಾರನೊಬ್ಬ, ಶಹಾತಾ ಮುಳುಗಿದ್ದನ್ನು ಕಣ್ಣಾರೆ ಕಂಡೆ ಎಂದ. ದೇಹ ಸಿಗದಿದ್ದರೂ ಮಸೀದಿಯಲ್ಲಿ ಅವನಿಗಾಗಿ ಪ್ರಾರ್ಥನೆ ನಡೆಯಿತು. ಇಡೀ ಊರಿಗೆ ತಿಳಿದಿದ್ದ ಈ ಸಂಗತಿ ತಿಳಿಯದೆ ಉಳಿದದ್ದು ಒಬ್ಬಳಿಗೆ ಮಾತ್ರ. ಊರಿನವರೆಲ್ಲ ಉಮ್ ಶಹಾತಾ ಎಂದು ಕರೆಯುವ ಅವನ ತಾಯಿ, "ಬಾಬಾ ದೂರದ ಬಂದರಿಗೆ ಹೋಗಿದಾನೆ, ಹಬ್ಬಕ್ಕೆ ಬರ್ತಾನೆ" ಎಂದು ಮೊಮ್ಮಗಳಿಗೆ ಹೇಳಿದ್ದರು. ಮಗುವಿನ ತಾಯಿ ನಗಾತ್ ಅತ್ತೆಗೆ ಎದುರಾಡುವವಳಲ್ಲ. ಏಕೆ ದಿನವೂ ಕಪ್ಪು ಬಟ್ಟೆಯೆಂದು ಮಗಳು ಕೇಳಿದರೆ, "ಬೇರೆಯವನ್ನ ಒಗೆಯೋಕೆ ಹಾಕಿದೀನಿ" ಎನ್ನುತ್ತಿದ್ದಳು.

ಹಬ್ಬ ಬಂತು, ಹೋಯಿತು. ರಿತಾಜ್ ಹೊಡೆಯಲು ಆರಂಭಿಸಿದಳು. ಅಪ್ಪ ಬಂದು ಎತ್ತಿಕೊಂಡುಹೋಗುವ ಮಕ್ಕಳನ್ನೇ ಹುಡುಕಿ ಹೊಡೆಯುತ್ತಿದ್ದಳು. ಒಂದು ಮಧ್ಯಾಹ್ನ ಅಬ್ಲಾ ಅವಳ ಮೇಲಂಗಿಯ ಗುಂಡಿ ಹಾಕುತ್ತಿದ್ದಾಗ ಅವಳು ಕೇಳಿದಳು:

"ನಾನು ಚಪ್ಪಲಿ ಎಸೆದೆ ಅಂತ ಬಾಬಾ ಬರ್ತಿಲ್ವಾ?"

"ಯಾವ ಚಪ್ಪಲಿ ಪುಟ್ಟಾ?"

"ಬಾಬಾ ಹೋಗೋವಾಗ. ನನ್ನೂ ಕರ್ಕೊಂಡ್ ಹೋಗು ಅಂದೆ. ಕರ್ಕೊಂಡ್ ಹೋಗ್ಲಿಲ್ಲ. ಎಸೆದೆ. ಬರಬೇಡ ಹೋಗು ಅಂದೆ."

"ಅದಕ್ಕಲ್ಲ. ನೀನು ಎಸೆದಿದ್ದಕ್ಕೂ ಅಲ್ಲ, ಅಂದಿದ್ದಕ್ಕೂ ಅಲ್ಲ."

"ಮತ್ತೆ ಯಾಕೆ? ಯಾವಾಗ ಬರ್ತಾರೆ?"

ನಾನು ಪಕ್ಕದಲ್ಲೇ ಇದ್ದೆ. ಬರುತ್ತಾರೆ ಎಂಬ ಒಂದು ಮಾತು ಸಾಕಿತ್ತು. ಅಬ್ಲಾ, "ಅದನ್ನ ನಿಮ್ಮನೆಯವರೇ ನಿನಗೆ ಹೇಳಬೇಕು. ಹೇಳಿ ಅಂತ ನಾನು ಹೋಗಿ ಕೇಳ್ತೀನಿ" ಎಂದುಬಿಟ್ಟರು.

ಮಗು ಮನೆಗೆ ಹೋಗಿ ಅಬ್ಲಾ ಹೇಳಿದ ಈ ಕೊನೆಯ ಮಾತನ್ನಷ್ಟೇ ಒಪ್ಪಿಸಿತು. ಮರುದಿನ ಬೆಳಿಗ್ಗೆ ಉಮ್ ಶಹಾತಾ ನಮ್ಮ ಅಂಗಳದಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಾಡಿದರು. "ನಿನ್ನ ಹೊಟ್ಟೇಲಿ ಹುಟ್ಟಿದ ಕೂಸಾ ಅದು? ಅಕ್ಷರ ಕಲಿಸು ಅಂದ್ರೆ ಸಾವು ಕಲಿಸ್ತೀಯ? ನಿನ್ನ ನಾಲಿಗೆಗೆ ಉಪ್ಪು ಹಾಕ!" ಮೊಮ್ಮಗಳ ಕೈ ಹಿಡಿದು ಎಳೆದುಕೊಂಡು ಹೋದರು. ಅವರ ಹಿಂದೆಯೇ ಮೀನುಗಾರರ ಕೇರಿಯ ಹಲವು ಮಕ್ಕಳು ಬರುವುದನ್ನು ಬಿಟ್ಟರು. ಖಾಲಿ ಕುರ್ಚಿಗಳನ್ನು ನೋಡುತ್ತ ನಾನು ಅಬ್ಲಾ ಅವರೊಡನೆ ಜಗಳಕ್ಕೆ ನಿಂತೆ.

"ನಾಲ್ಕು ವರ್ಷದ ಮಗು ಅಬ್ಲಾ! ದೊಡ್ಡವಳಾದ ಮೇಲೆ ತಾನಾಗೇ ಗೊತ್ತಾಗ್ತಿತ್ತು. ಈಗ ಏನು ಅವಸರ ಇತ್ತು ನಿಮಗೆ?"

"ಅವಳು ಕಾಯ್ತಾ ಕೂತಿಲ್ಲ ರಾವಿಯಾ. ತನಗೆ ತಾನೇ ಒಂದು ಕಾರಣ ಕಟ್ಕೊಂಡಿದಾಳೆ. ಆ ಕಾರಣ ಬಹಳ ಕೆಟ್ಟದ್ದು."

"ಶಾಲೆ ಮುಚ್ಚೋ ಹಾಗಾದ್ರೆ?"

"ಇವತ್ತು ಸಾಯಂಕಾಲ ಅವರ ಮನೆಗೆ ಹೋಗೋಣ" ಎಂದರು. ನನ್ನ ಪ್ರಶ್ನೆಗೆ ಅದು ಉತ್ತರವಾಗಿತ್ತೇ?

ಹೋದೆವು. ಉಮ್ ಶಹಾತಾ ಹೊಸಿಲಿನಲ್ಲಿ ಕುಳಿತು ಮೀನು ಶುಚಿ ಮಾಡುತ್ತಿದ್ದರು. ಕೂರಿ ಎನ್ನಲಿಲ್ಲ. ಅಬ್ಲಾ ಕೂತರು.

"ಅಷ್ಟೊಂದು ಹೇಳ್ಬೇಕು ಅಂತಿದ್ರೆ ನೀನೇ ಹೇಳು" ಎಂದರು ಮುದುಕಿ, ತಲೆಯೆತ್ತದೆ. "ಓದಿದೋಳು ನೀನು. ನಿನಗೆ ಮಾತು ಬರುತ್ತೆ."

"ನಾನು ಹೇಳಿದ್ರೆ ಅವಳು ಯಾರ ಮಡಿಲಲ್ಲಿ ಅಳಬೇಕು ಅಮ್ಮಾ?"

ಉತ್ತರವಾಗಿ ಮೀನು ತೊಳೆದ ನೀರು ನಮ್ಮಿಬ್ಬರ ಮೇಲೆ ಬಿತ್ತು. ಅದು ನನ್ನ ಹೊಸ ಕೋಟು. ಇಬ್ಬರೂ ಗಬ್ಬುನಾರುತ್ತ ನಡೆದು ಬರುವಾಗ ಅಬ್ಲಾ, "ಪಾಪ, ಆಕೆಗೂ ಯಾರೂ ಅಳೋಕೆ ಬಿಟ್ಟಿಲ್ಲ" ಎಂದರು. ಕೋಟಿನ ಬಗ್ಗೆ ಇಂದಿನವರೆಗೂ ಒಂದು ಮಾತೂ ಆಡಿಲ್ಲ.

ಎರಡನೆಯ ಸಲ ಹೋದಾಗ ಬಾಗಿಲು ತೆರೆಯಲಿಲ್ಲ. ಮೂರನೆಯ ಸಲವೂ ತೆರೆಯುವ ಲಕ್ಷಣ ಕಾಣದಾಗ ಅಬ್ಲಾ ಬಾಗಿಲಿಗೇ ಬಾಯಿಟ್ಟು ಮಾತಾಡಿದರು. "ಉಮ್ ಶಹಾತಾ, ಕೇಳಿಸ್ಕೊಳ್ಳಿ. ಇದೊಂದು ಹೇಳಿ ಹೋಗ್ತೀನಿ, ಆಮೇಲೆ ನಾನು ಬರಲ್ಲ. ಅಪ್ಪ ಹೊರಟಾಗ ಅವಳು ಚಪ್ಪಲಿ ಎಸೆದು ಬರಬೇಡ ಹೋಗು ಅಂದಿದ್ಳಂತೆ. ಅದಕ್ಕೇ ಅವನು ಬರ್ತಿಲ್ಲ ಅಂದ್ಕೊಂಡಿದಾಳೆ. ತಾನೇ ಅವನನ್ನ ಓಡಿಸಿದೆ ಅಂತ ಅಂದ್ಕೊಂಡಿದಾಳೆ."

ಒಳಗಿನಿಂದ ಅಗುಳಿ ಸರಿಯಿತು. ಮುದುಕಿಯ ಮುಖದಲ್ಲಿ ಸಿಟ್ಟಿರಲಿಲ್ಲ. "ಹಂಗಂದ್ಳಾ?" ಎಂದರು. "ನನ್ನ ಹತ್ರ ಹೇಳೇ ಇಲ್ವಲ್ಲ ಅವಳು."

ರಿತಾಜಳನ್ನು ಕರೆದು ಮಡಿಲಲ್ಲಿ ಕೂರಿಸಿಕೊಂಡರು. ನಗಾತ್ ಬಂದು ಅತ್ತೆಗೆ ಒತ್ತಿಕೊಂಡು ಕುಳಿತಳು. ನಾವಿಬ್ಬರೂ ಬಾಗಿಲಲ್ಲೇ ನಿಂತಿದ್ದೆವು.

"ನಿನ್ನ ಬಾಬಾ ಸತ್ತುಹೋದ ಕಣೇ" ಎಂದರು ಉಮ್ ಶಹಾತಾ. "ದೋಣಿ ಮುಳುಗ್ತು. ಗಾಳಿಗೆ ಮುಳುಗ್ತು, ನಿನ್ನಿಂದ ಅಲ್ಲ. ನಿನ್ನ ಮೇಲೆ ಕೋಪಾನೇ ಇರ್ಲಿಲ್ಲ ಅವನಿಗೆ. ಇನ್ನು ಬರೋಕೆ ಆಗಲ್ಲ ಅವನಿಗೆ."

ಮಗು ಯೋಚಿಸಿತು. "ನಾಳೆನೂ ಸತ್ತೇ ಇರ್ತಾರಾ?"

"ಹೂಂ ಕಂದಾ. ನಾಳೆನೂ."

"ಹಬ್ಬಕ್ಕೂ?"

"ಹಬ್ಬಕ್ಕೂ."

ಅಷ್ಟು ಹೇಳಿದ ಮೇಲೆ ಉಮ್ ಶಹಾತಾ ದೊಡ್ಡ ದನಿ ತೆಗೆದು ಅತ್ತರು. ಅಷ್ಟು ತಿಂಗಳು ಮಗುವಿಗೆ ತಿಳಿಯಬಾರದೆಂದು ನುಂಗಿಕೊಂಡಿದ್ದದ್ದೆಲ್ಲ ಹೊರಬಂತು. ರಿತಾಜ್ ಅಜ್ಜಿಯ ಕೆನ್ನೆಗಳನ್ನು ಅಂಗೈಯಿಂದ ಒರೆಸುತ್ತ, ಒರೆಸಿದ್ದು ಸಾಲದೆಂದು ತನ್ನ ಅಂಗಿಯ ತುದಿ ಎತ್ತಿ ಒರೆಸುತ್ತ, ಆಮೇಲೆ ತಾನೂ ಅಳತೊಡಗಿದಳು.

ಇಲ್ಲಿಗೆ ಎಲ್ಲ ಸುಖವಾಗಿ ಮುಗಿಯಿತೆಂದು ಓದುಗರು ಭಾವಿಸಬಾರದು. ಶಿಶುವಿಹಾರಕ್ಕೆ ಮರಳಿದ ರಿತಾಜ್ ಮೊದಲಿಗಿಂತ ಹೆಚ್ಚು ರಂಪ ಮಾಡಿದಳು. ನನ್ನ ಕೈ ಕಚ್ಚಿದಳು. ಗಾಯ ತೋರಿಸಿದರೆ ಅಬ್ಲಾ, "ಒಳ್ಳೇದು, ಈಗ ನಿಜವಾದದ್ದಕ್ಕೆ ಸಿಟ್ಟು ಮಾಡ್ಕೊಳ್ತಿದಾಳೆ" ಎಂದು ಸಂತೋಷಪಟ್ಟರು. ನೋವು ನನ್ನ ಕೈಗೆ, ಸಂತೋಷ ಅವರಿಗೆ! ಬಳಿಕ ಮರಳಿನ ಗುಂಡಿಯಲ್ಲಿ ದೋಣಿ ಮುಳುಗುವ ಆಟ ಶುರುವಾಯಿತು. "ನಮ್ಮ ಬಾಬಾ ಸತ್ತೋಗಿದಾರೆ" ಎಂದಳು ರಿತಾಜ್. "ನಮ್ಮ ತಾತನೂ" ಎಂದ ಪಕ್ಕದ ಹುಡುಗ, ತಾನೇನು ಕಡಿಮೆ ಎಂಬಂತೆ. ಇಡೀ ತರಗತಿ ದಿನವೂ ಮುಳುಗಿ ಸಾಯುತ್ತಿತ್ತು, ದಿನವೂ ಮರಳಿನಲ್ಲಿ ಹೂಳಿಸಿಕೊಳ್ಳುತ್ತಿತ್ತು. ಅಪಶಕುನವೆಂದು ತಾಯಂದಿರು ನನ್ನನ್ನು ಮುತ್ತಿದರು. ನಿಲ್ಲಿಸೋಣವೆಂದು ನಾನು ಬೇಡಿಕೊಂಡರೆ ಅಬ್ಲಾ ಒಂದು ದೊಡ್ಡ ಬೋಗುಣಿಯಲ್ಲಿ ನೀರು ತಂದು ಆಟಕ್ಕೆ ಅನುಕೂಲ ಮಾಡಿಕೊಟ್ಟರು.

ಒಂದು ದಿನ ದೋಣಿ ಮುಳುಗಲಿಲ್ಲ. ಏಕೆಂದು ನಾನೇ ಕೇಳಿದೆ.

"ಇವತ್ತು ಆಗಲ್ಲ ಅಬ್ಲಾ ರಾವಿಯಾ" ಎಂದಳು ರಿತಾಜ್, ನನ್ನ ದಡ್ಡತನಕ್ಕೆ ಬೇಸತ್ತವಳಂತೆ. "ಇವತ್ತು ಸಾರ್ಡೀನ್ ಮೀನು ಸಿಕ್ಕಿದೆ. ಮಾರ್ಕೆಟ್ಟಿಗೆ ಹೋಗ್ಬೇಕು."

ಬಿಟ್ಟುಹೋದ ಮಕ್ಕಳಲ್ಲಿ ಹೆಚ್ಚಿನವರು ನಿಧಾನವಾಗಿ ಮರಳಿದರು. ಕೆಲವರು ಬರಲೇ ಇಲ್ಲ. ಮೊದಲೇ ಮನೆಯವರನ್ನು ಕಂಡು ಮಾತಾಡಿ, ಆಮೇಲೆ ಮಗುವಿಗೆ ಉತ್ತರ ಕೊಡಬಹುದಿತ್ತು ಎಂದು ನಾನು ಈಗಲೂ ವಾದಿಸುತ್ತೇನೆ. ಮಗು ಉತ್ತರ ಕೇಳಿದ್ದು ಆಗಲೇ ಅಲ್ಲವೇ ಎಂದು ಅವರು ಈಗಲೂ ಹೇಳುತ್ತಾರೆ. ಈ ವಾದ ಇತ್ಯರ್ಥವಾಗಿಲ್ಲ.

ಕಳೆದ ಚಳಿಗಾಲದಲ್ಲಿ ನಮ್ಮ ಊರಿನ ಇನ್ನೊಂದು ದೋಣಿ ಮರಳಲಿಲ್ಲ. ಸುದ್ದಿ ತಿಳಿದು ಅಬ್ಲಾ ಅವರೂ ನಾನೂ ಆ ಮನೆಗೆ ಧಾವಿಸಿದೆವು. ನಮಗಿಂತ ಮೊದಲೇ ಅಲ್ಲಿ ಉಮ್ ಶಹಾತಾ ಇದ್ದರು. ಬೆನ್ನು ಬಾಗಿ, ಕೋಲು ಪಕ್ಕಕ್ಕಿಟ್ಟು, ಆ ಮನೆಯ ತಾಯಿಯ ಕೈ ಹಿಡಿದು ಕುಳಿತಿದ್ದರು. "ಮಗೂಗೆ ನೀನೇ ಹೇಳು ಮಗಳೇ" ಎನ್ನುತ್ತಿದ್ದರು. "ನಾನು ಪಕ್ಕದಲ್ಲೇ ಇರ್ತೀನಿ. ಅತ್ತರೆ ಮೂವರೂ ಅಳೋಣ." ಅಬ್ಲಾ ಒಳಗೆ ಹೋಗಲಿಲ್ಲ. ನನ್ನ ತೋಳು ಹಿಡಿದು ಮೆಲ್ಲನೆ ಹಿಂದಕ್ಕೆ ಕರೆದುಕೊಂಡು ಬಂದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ. ಅವರನ್ನು ಬಲ್ಲವರಿಗೆ ಇದೆಷ್ಟು ಅಪೂರ್ವವೆಂದು ತಿಳಿದೀತು.

ನಿವೃತ್ತಿಯ ನಂತರ ಅಬ್ಲಾ ವಿಶ್ರಾಂತಿ ಪಡೆಯುತ್ತಾರೆಂದು ನಂಬಿದವರಿಗೆ ನಿರಾಶೆ ಕಾದಿದೆ. ನಮ್ಮ ಊರಿನ ಪಕ್ಕದ ಸರೋವರದ ಆಚೆ ದಡದ ಊರಿನಲ್ಲಿ ಹೊಸ ಶಿಶುವಿಹಾರವೊಂದು ತೆರೆಯುತ್ತಿದೆ. ಅಲ್ಲಿನ ಶಿಕ್ಷಕಿಯರನ್ನು ತಯಾರು ಮಾಡಲು ಇವರು ಒಪ್ಪಿಕೊಂಡಿದ್ದಾರೆ. ಆ ಶಿಕ್ಷಕಿಯರಿಗೆ ನನ್ನ ಮುಂಗಡ ಸಾಂತ್ವನಗಳು. ದಯಾಮಯನಾದ ದೇವರು ಅಬ್ಲಾ ಇನ್ಶಿರಾಹ್ ಅವರಿಗೆ ಗಟ್ಟಿ ಮೊಣಕಾಲುಗಳನ್ನೂ, ನೆಲದ ಮೇಲೆ ಕುಳಿತು ಏಳುವ ಶಕ್ತಿಯನ್ನೂ, ಅವರು ಮಕ್ಕಳಿಗೆ ಕೊಟ್ಟ ಸಮಯದಷ್ಟೇ ಧಾರಾಳವಾದ ಆಯಸ್ಸನ್ನೂ ಕರುಣಿಸಲಿ. ನೂರು ವರ್ಷ ಬಾಳಲಿ ಎಂದು ಉಳಿದವರು ಹಾರೈಸಿಯಾರು. ನನಗೆ ಅದು ಸಾಲದು. ಅವರೊಡನೆ ನಾನು ಆಡಬೇಕಾದ ಜಗಳ ಇನ್ನೂ ಬಹಳ ಉಳಿದಿದೆ.