ಡ್ರೋಹೆಡಾದ ಅಂಗಳಕ್ಕಿಳಿದ ಕ್ಯಾಂಪರ್

2020ರ ಏಪ್ರಿಲ್. ಆಗ ನಾನು ಡಬ್ಲಿನ್ನಿನ ಕ್ಲಾಂಡಾಲ್ಕಿನ್‌ನಲ್ಲಿ ಲಾರಿ ಬಾಡಿ ಕಟ್ಟುವ ವರ್ಕ್‌ಶಾಪೊಂದರ ಸೂಪರ್‌ವೈಸರ್. ಹಾಲು, ಮೀನು, ತರಕಾರಿ ಸಾಗಿಸುವ ಲಾರಿಗಳಿಗೆ ತಣ್ಣನೆಯ ದೊಡ್ಡ ಪೆಟ್ಟಿಗೆ ಇರುತ್ತದಲ್ಲ, ಅದನ್ನು ಕಟ್ಟುವುದು, ರಿಪೇರಿ ಮಾಡುವುದು ನಮ್ಮ ಕೆಲಸ. ನಾನು ಮಂಗಳೂರಿನಲ್ಲಿ ಬಸ್ ಬಾಡಿ ಕಟ್ಟುತ್ತ ಕೈ ಪಳಗಿಸಿಕೊಂಡವನು. ದೇಶವೆಲ್ಲ ಲಾಕ್‌ಡೌನ್ ಆದರೂ ಜನ ಉಣ್ಣುವುದನ್ನು ಬಿಡಲಿಲ್ಲವಾದ್ದರಿಂದ ನಮ್ಮ ಶಟರ್ ಮಾತ್ರ ಮುಚ್ಚಲಿಲ್ಲ. ಈಗ ನಿವೃತ್ತನಾಗಿದ್ದೇನೆ. ಕಟ್ಟಿದ್ದರಲ್ಲಿ ನಿಮಗೆ ಇಷ್ಟವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನನಗೆ ನೆನಪಾಗುವುದು ಲಾರಿಯಲ್ಲ, ಇಂಜಿನ್ನೇ ಇಲ್ಲದ ಒಂದು ಹಳೇ ಡಬ್ಬ.

ಅದು ಶುರುವಾದದ್ದು ರಾಘುವಿನ ಫೋನಿನಿಂದ. ರಾಘು ಮೈಸೂರಿನ ಹುಡುಗ, ಸಾಫ್ಟ್‌ವೇರ್ ಎಂಜಿನಿಯರ್, ಡಬ್ಲಿನ್ನಿಗೆ ಹತ್ತಿರದ ಡ್ರೋಹೆಡಾ ಊರಿನಲ್ಲಿ ಮನೆ. ಕನ್ನಡ ಬಳಗದ ಪಿಕ್ನಿಕ್ಕಿನಲ್ಲಿ ಪರಿಚಯವಾದವನು.

"ಫ್ರಾನ್ಸಿಸ್ ಅಂಕಲ್, ಒಂದು ಟ್ರಕ್ ಕ್ಯಾಂಪರ್ ತಗೊಂಡ್ಬಿಟ್ಟಿದೀನಿ. ಸ್ವಲ್ಪ ನೋಡ್ತೀರಾ?"

ತಗೊಂಡ್ಬಿಟ್ಟ ಮೇಲೆ ನೋಡುವುದೇನು, ಮಣ್ಣು! ನನಗೆ ಸಿಟ್ಟೇ ಬಂತು. ಆದರೆ ಅವನು ಯಾಕೆ ತೆಗೆದುಕೊಂಡ ಎಂದು ಹೇಳಿದಾಗ ಬೈಯಲು ಬಾಯಿ ಬರಲಿಲ್ಲ.

ಅವನ ಹೆಂಡತಿ ಸುಮಾ ಅಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್, ಕೋವಿಡ್ ವಾರ್ಡಿನ ಡ್ಯೂಟಿ. ಮೊಮ್ಮಗಳನ್ನು ನೋಡಲೆಂದು ಬಂದಿದ್ದ ರಾಘುವಿನ ತಾಯಿ ಜಯಮ್ಮ ವಿಮಾನಗಳೆಲ್ಲ ನಿಂತು ಇಲ್ಲೇ ಉಳಿದುಬಿಟ್ಟಿದ್ದರು. ಎಪ್ಪತ್ತು ದಾಟಿದವರು, ಮೇಲೆ ಅಸ್ತಮಾ. ಅವರಿಗೆ ಸೋಂಕು ತಗುಲಿದರೆ ಕಷ್ಟವೆಂದು ಸುಮಾ ಮನೆ ಬಿಟ್ಟು ಬೇರೆ ನರ್ಸುಗಳ ಜೊತೆ ಒಂದು ಬಾಡಿಗೆ ಕೋಣೆಯಲ್ಲಿದ್ದಳು. ಡ್ಯೂಟಿ ಮುಗಿಸಿ ಬಂದು ಗೇಟಿನ ಹತ್ತಿರ ನಿಲ್ಲುವುದು, ನಾಲ್ಕು ವರ್ಷದ ಅನನ್ಯಾ ಕಿಟಕಿಯಿಂದ "ಮ್ಯಾಮಿ, ವೈ ಕಾಂಟ್ ಯೂ ಜಸ್ಟ್ ಕಮ್ ಇನ್?" ಎಂದು ಅಳುವುದು. ಕ್ಯಾಂಪರ್ ಇದ್ದರೆ ಸುಮಾ ಮನೆಯ ಅಂಗಳದಲ್ಲಾದರೂ ಮಲಗಬಹುದು ಎಂಬುದು ರಾಘುವಿನ ಲೆಕ್ಕ.

ಟ್ರಕ್ ಕ್ಯಾಂಪರ್ ಎಂದರೆ ಪಿಕಪ್ ಗಾಡಿಯ ಬೆನ್ನ ಮೇಲೆ ಕೂರಿಸುವ ಪುಟ್ಟ ಮನೆ. ಒಂದು ಹಾಸಿಗೆ ಡ್ರೈವರನ ತಲೆಯ ಮೇಲೆ ಚಾಚಿಕೊಂಡಿರುತ್ತದೆ, ಹಿಂದೆ ಮೇಜು, ಅದರ ಎರಡು ಪಕ್ಕ ಬೆಂಚು, ಒಲೆ, ಬಾಗಿಲು. ನಾಲ್ಕು ಮೂಲೆಗೆ ಜಾಕ್ ಕೊಟ್ಟು ಎತ್ತಿ, ಗಾಡಿಯನ್ನು ಈಚೆ ಎಳೆದುಕೊಂಡರೆ ಅದು ತನ್ನ ಕಾಲ ಮೇಲೆ ತಾನೇ ನಿಲ್ಲುತ್ತದೆ. ರಾಘು ಕೊಂಡದ್ದು ನಲವತ್ತು ವರ್ಷ ಹಳೆಯದು. ಒಳಗೆ ಮರದ ಚೌಕಟ್ಟು, ಹೊರಗೆ ಅಲ್ಯುಮಿನಿಯಂ ಹಾಳೆ. ಮೀಥ್ ಕೌಂಟಿಯ ರೈತನೊಬ್ಬನ ಅಂಗಳದಲ್ಲಿತ್ತು. ಫ್ಲಾಟ್‌ಬೆಡ್ ಲಾರಿ ತೆಗೆದುಕೊಂಡು ಹೋಗಿ ಬಾಗಿಲು ತೆಗೆದರೆ ಒಳಗಿಂದ ಮೂರು ಕೋಳಿಗಳು ಗಂಭೀರವಾಗಿ ಇಳಿದು ಬಂದವು.

"ಶೀ ಈಸ್ ಗ್ರ್ಯಾಂಡ್," ಎಂದ ರೈತ, ಕ್ಯಾಂಪರಿನ ಬೆನ್ನು ತಟ್ಟುತ್ತ; ಎಲ್ಲ ಸರಿಯಾಗಿದೆ ಎನ್ನಲು ಇಲ್ಲಿಯವರು ಹೇಳುವ ಮಾತದು. ನಾನು ಒಳಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದೆ. ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಬೆರಳು ಒಳಗೇ ಹೋಯಿತು. ರಾಘುವಿನ ಮುಖ ನೋಡಿ ಅಯ್ಯೋ ಪಾಪ ಎನಿಸಿತು. ನಾನೂ "ಗ್ರ್ಯಾಂಡ್" ಎಂದುಬಿಟ್ಟೆ.

ನಮ್ಮ ಮಾಲೀಕರು ವರ್ಕ್‌ಶಾಪಿನ ಒಂದು ಮೂಲೆ ಬಿಟ್ಟುಕೊಟ್ಟರು, ಡ್ಯೂಟಿ ಮುಗಿದ ಮೇಲೆ ಮಾಡಿಕೋ ಎಂದರು. ಇಂಥ ಪೆಟ್ಟಿಗೆಯನ್ನು ಕೊಲ್ಲುವುದು ವಯಸ್ಸಲ್ಲ, ನೀರು. ಹಾಳೆ ಹಾಳೆ ಸೇರುವ ಜಾಗದಲ್ಲಿ, ಒಂದು ಸ್ಕ್ರೂವಿನ ಪಕ್ಕದಲ್ಲಿ ಹನಿ ಹನಿಯಾಗಿ ಒಳಗಿಳಿದು ಮರವನ್ನು ತಿನ್ನುತ್ತದೆ. ಹಿಂದಿನವನಾರೋ ಪುಣ್ಯಾತ್ಮ ಸೋರಿದಲ್ಲೆಲ್ಲ ಮೇಲಿಂದ ಸಿಲಿಕೋನ್ ಮೆತ್ತಿದ್ದ. ಒಳಗೆ ಹೋದ ನೀರು ಹೊರಗೆ ಬರಲಾಗದೆ ಅಲ್ಲೇ ಸಂಸಾರ ಹೂಡಿತ್ತು. ಸಿಲಿಕೋನ್ ಟ್ಯೂಬ್ ಹಿಡಿದ ಕೈಯನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಹಾಳೆ ಬಿಚ್ಚಿದೆ. ಕೆಳಗಿನ ಚೌಕಟ್ಟು ಪೂರ್ತಿ ಕೊಳೆತು ಲಡ್ಡಾಗಿತ್ತು. ಹೊಸ ಮರ ಕೂಡಿಸಿದೆ. ನಡುವೆ ನಮ್ಮ ತಣ್ಣನೆ ಪೆಟ್ಟಿಗೆಗಳಿಗೆ ಹಾಕುವ ಇನ್ಸುಲೇಷನ್ನಿನ ಉಳಿಕೆ ತುಂಡುಗಳನ್ನು ತುಂಬಿದೆ. ಮೀನನ್ನು ತಣ್ಣಗಿಡುವುದು ಮನುಷ್ಯರನ್ನು ಬೆಚ್ಚಗೂ ಇಡುತ್ತದೆ. ಗ್ಯಾಸ್ ಒಲೆ ಕಿತ್ತು ಕರೆಂಟಿನ ಹೀಟರ್ ಕೂರಿಸಿದೆ, ಮೂಲೆಯಲ್ಲೊಂದು ಪುಟ್ಟ ಟಾಯ್ಲೆಟ್. ಹಾಸಿಗೆಯ ಉದ್ದ, ಕಪಾಟಿನ ಎತ್ತರ ಎಲ್ಲ ಸುಮಾಳ ಅಳತೆಗೆ.

ಈ ಕೆಲಸಕ್ಕೆ ನನಗೊಬ್ಬರು ಮೇಲಧಿಕಾರಿ ಇದ್ದರು. ಜಯಮ್ಮ ವಿಡಿಯೋ ಕಾಲಿನಲ್ಲಿ ಬಂದು ಒಂದೊಂದನ್ನೂ ತೋರಿಸಲು ಹೇಳುತ್ತಿದ್ದರು. ಪಕ್ಕದ ಒಂದು ಕಿಟಕಿಯ ಚೌಕಟ್ಟು ಹಾಳಾಗಿತ್ತು. ಒಂದು ತೂತು ಕಡಿಮೆಯಾದರೆ ಒಂದು ಸೋರಿಕೆ ಕಡಿಮೆ, ಅದನ್ನು ಮುಚ್ಚಿಬಿಡುತ್ತೇನೆ ಎಂದೆ.

"ಮುಚ್ಚಬೇಡಿ ಫ್ರಾನ್ಸಿಸ್ ಅವರೇ. ಹೊರಗಿರೋರಿಗೆ ಮನೆಯೊಳಗೆ ಏನ್ ನಡೀತಿದೆ ಅಂತ ಕಾಣ್ಬೇಕು."

"ಅಮ್ಮಾ, ಅವರಿಗೆ ಅವರ ಕೆಲಸ ಗೊತ್ತಮ್ಮ, ಸುಮ್ನಿರು," ಎಂದ ಹಿಂದಿನಿಂದ ರಾಘು. ಅವರು ಸುಮ್ಮನಿರಲಿಲ್ಲ. ನಾನು ಗೊಣಗುತ್ತಲೇ ಆ ಕಿಟಕಿಗೆ ಹೊಸ ಚೌಕಟ್ಟು ಹಾಕಿದೆ.

ಮೇ ತಿಂಗಳ ಒಂದು ಮಧ್ಯಾಹ್ನ ಕ್ಯಾಂಪರನ್ನು ಡ್ರೋಹೆಡಾಕ್ಕೆ ಸಾಗಿಸಿದೆ. ಮನೆ ಮುಂದೆ ಜಾಕಿನ ಮೇಲೆ ನಿಲ್ಲಿಸಿ, ಲಾರಿ ಈಚೆ ತೆಗೆದು, ನೆಲದ ಹತ್ತಿರಕ್ಕೆ ಇಳಿಸಿದೆ. ಕಿಟಕಿ ಸರಿಯಾಗಿ ಅಡುಗೆಮನೆಯ ಎದುರಿಗೆ. ಸುಮಾ ಮಾಸ್ಕ್ ಹಾಕಿಕೊಂಡು, ತನ್ನ ಬ್ಯಾಗಿನೊಂದಿಗೆ ಗೇಟಿನ ಬಳಿ ನಿಂತಿದ್ದಳು. ಅಷ್ಟರಲ್ಲಿ ಮನೆಯೊಳಗಿಂದ ಜಯಮ್ಮ ಹೊರಗೆ ಬಂದರು. ಒಂದು ಕೈಯಲ್ಲಿ ಸುತ್ತಿದ ರಗ್ಗು, ಇನ್ನೊಂದರಲ್ಲಿ ಇನ್‌ಹೇಲರ್, ಮಾತ್ರೆಗಳ ಚೀಲ.

"ಸುಮಾ, ನೀನು ಒಳಗೆ ನಡಿ. ಇದ್ರಲ್ಲಿ ನಾನಿರ್ತೀನಿ."

ರಾಘು ಹೌಹಾರಿದ. "ಏನಮ್ಮಾ ಇದು? ನಿನ್ನನ್ನ ಹೊರಗೆ ಮಲಗಿಸ್ತೀವಾ? ಜನ ಏನಂತಾರೆ?"

ಅಲ್ಲಿಯವರೆಗೆ ನಮಗ್ಯಾರಿಗೂ ಅದು ಹೊಳೆದೇ ಇರಲಿಲ್ಲ. ಕಾಪಾಡಬೇಕಾದದ್ದು ಜಯಮ್ಮನನ್ನು; ಹಾಗಾದರೆ ಬೇರೆ ಇರಬೇಕಾದವರೂ ಅವರೇ. ಆದರೆ ಹಿರಿಯರನ್ನು ಮನೆಯಿಂದ ಆಚೆ ಮಲಗಿಸುವ ಮಾತು ನಮ್ಮ ಜನರ ಬಾಯಿಗೆ ಬರುವುದಿಲ್ಲ, ಸೊಸೆಯಾದರೆ ಬರುತ್ತದೆ. ದಿನವೂ ವಾರ್ಡಿನಲ್ಲಿ ಜನರನ್ನು ಬೇರೆ ಬೇರೆ ಇಡುವುದನ್ನೇ ನೋಡುತ್ತಿದ್ದ ಸುಮಾ ಕೂಡ ಅತ್ತೆಯ ಎದುರು ಹಾಗೆ ಯೋಚಿಸಿರಲಿಲ್ಲ.

ಜಯಮ್ಮ ಕ್ಯಾಂಪರಿನ ಮೆಟ್ಟಿಲ ಮೇಲೆ ಕೂತರು. "ಜನ ಏನಾದ್ರೂ ಅನ್ಲಿ. ಮದುವೆಯಾದ ಮನೇಲಿ ತಿಂಗಳು ತಿಂಗಳೂ ನನ್ನ ಮೂರು ದಿನ ಹೊರಗೆ ಕೂರಿಸ್ತಿದ್ರು. ಹಿತ್ತಿಲ ಕೋಣೆ, ಕಿಟಕಿ ಇಲ್ಲ. ತಟ್ಟೆ ದೂರದಿಂದ ತಳ್ಳೋರು. ಈ ರಾಘು ಬಾಗಿಲಲ್ಲಿ ನಿಂತು ಅಳೋನು, ಎತ್ಕೊಳ್ಳೋ ಹಾಗಿಲ್ಲ. ನನ್ನ ಸೊಸೆ ಅಷ್ಟು ದುಡಿದು ಬಂದು ಹೊರಗೆ ಕೂರೋದನ್ನ ನಾನು ಒಳಗೆ ಕೂತು ನೋಡಲ್ಲ."

ಸುಮಾ ಬ್ಯಾಗನ್ನು ಕೆಳಗಿಟ್ಟಳು. "ಅತ್ತೆ, ನಾನು ಮನೇಲಿದ್ರೆ ನೀವು ಅನನ್ಯಾನ ಮುಟ್ಟೋಕಾಗಲ್ಲ. ಎಷ್ಟು ತಿಂಗಳೋ ಗೊತ್ತಿಲ್ಲ."

"ಗೊತ್ತು. ನೀನು ಎತ್ಕೋ."

ಸುಮಾ ಅಲ್ಲೇ ನಿಂತು ಅತ್ತಳು. ಸುಳ್ಳೇಕೆ ಹೇಳಲಿ, ಟೂಲ್‌ಬಾಕ್ಸ್ ತರುವ ನೆಪದಲ್ಲಿ ಲಾರಿಯ ಹಿಂದೆ ಹೋಗಿ ಕಣ್ಣೊರೆಸಿಕೊಂಡೆ.

ಆದರೆ ನಾನು ಕಟ್ಟಿದ ಮೇಲಿನ ಹಾಸಿಗೆಗೆ ಜಯಮ್ಮ ಹತ್ತುವುದು ಸಾಧ್ಯವಿರಲಿಲ್ಲ. ಅಲ್ಲೇ ಅಂಗಳದಲ್ಲಿ ಮೇಜನ್ನು ಕಿತ್ತು, ಅದರ ಹಲಗೆಯನ್ನೇ ಎರಡು ಬೆಂಚುಗಳ ನಡುವೆ ಕೂರಿಸಿ ಮಂಚ ಮಾಡಿದೆ. ಮೆಟ್ಟಿಲನ್ನು ಎರಡಾಗಿ ಒಡೆದು ತಗ್ಗಿಸಿದೆ. ಬಾಗಿಲ ಪಕ್ಕ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿದೆ. ಕೆಲಸ ಮುಗಿಸುವಷ್ಟರಲ್ಲಿ ಅಡುಗೆಮನೆಯ ಕಿಟಕಿಯಲ್ಲಿ ಸುಮಾ ಕಾಣಿಸಿದಳು. ತಲೆಗೆ ಸ್ನಾನ ಮಾಡಿದ್ದಳು, ಸೊಂಟದ ಮೇಲೆ ಅನನ್ಯಾ.

ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ ಯಾರೇ ಏನೇ ಕಟ್ಟಿಸಲು ಬಂದರೂ ಉದ್ದ ಅಗಲ ಕೇಳುವ ಮೊದಲು, ಇದರೊಳಗೆ ಯಾರಿರುತ್ತಾರೆ, ಅವರನ್ನು ಕೇಳಿದ್ದೀರಾ ಎಂದು ಕೇಳುತ್ತಿದ್ದೆ. ಈ ವೃತ್ತಿ ನನಗೆ ಕಲಿಸಿದ ಪಾಠ ಅದು. ಕ್ಯಾಂಪರ್ ಇಳಿಸಿದ ಮರುವಾರ ಜೋರು ಮಳೆಯಾದ ಮೇಲೆ ಸೋರಿದೆಯೇ ನೋಡಲು ಡ್ರೋಹೆಡಾಕ್ಕೆ ಹೋದೆ. ಎರಡು ಮೀಟರ್ ದೂರ ನಿಂತು, ಅಷ್ಟು ಸಣ್ಣ ಜಾಗದಲ್ಲಿ ಒಬ್ಬರೇ ಇರುವುದು ಹಿಂಸೆಯಾಗುತ್ತಿಲ್ಲವೇ ಎಂದು ಜಯಮ್ಮನವರನ್ನು ಕೇಳಿದೆ.

"ಅವತ್ತು ನನ್ನನ್ನ ಕೂರಿಸ್ತಿದ್ರು ಫ್ರಾನ್ಸಿಸ್ ಅವರೇ," ಎಂದರು ಅವರು. "ಈ ಸಲ ನಾನೇ ಬಂದು ಕೂತಿದೀನಿ."