ಮುಂಜಾನೆಯ ಪ್ರಾಕ್ಟೀಸು

ಹೊಸ ಪಿ.ಇ. ಸರ್ ರಾಣೆಬೆನ್ನೂರಿನ ನಮ್ಮ ಕಾಲೇಜಿಗೆ ಬಂದ ದಿನವೇ ನನಗೆ ಸೇರಲಿಲ್ಲ. ಖೋ-ಖೋ ಆಡುವ ಹುಡುಗಿಯರನ್ನೆಲ್ಲ ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಕಪ್ಪು ಕನ್ನಡಕವನ್ನೂ ತೆಗೆಯದೆ, "ಹಳೇ ಸರ್ ಕಲಿಸಿದ್ದನ್ನೆಲ್ಲ ಮರೆತುಬಿಡಿ. ಆಟ ಈಗ ಆ ಥರ ಇಲ್ಲ" ಎಂದರು.

ಹಳೇ ಸರ್ ನಿವೃತ್ತರಾಗಿ ಒಂದು ಬೇಸಿಗೆ ರಜೆಯಷ್ಟೇ ಕಳೆದಿತ್ತು. ನಮ್ಮ ಕಡೆ ಹೆಣ್ಣುಮಕ್ಕಳ ಖೋ-ಖೋ ಎಂದರೆ ಅವರೇ. ನನ್ನ ಚಿಗವ್ವನಿಗೂ ಅವರೇ ಕಲಿಸಿದ್ದರು. ಬ್ಯಾಡಗಿ ಬಸ್ ಸ್ಟ್ಯಾಂಡಿನಲ್ಲಿ ಅವರೊಡನೆ ನಿಂತಿದ್ದರೆ, ಕೂಸನ್ನು ಎತ್ತಿಕೊಂಡ ಯಾರೋ ಹೆಂಗಸು ಓಡಿಬಂದು "ಸರ್, ನಾನೂ ನಿಮ್ಮ ಟೀಮಿನಾಕಿ, ಗುರುತ ಸಿಗ್ತೇನ್ರಿ?" ಎನ್ನುತ್ತಿದ್ದಳು. ಬೆಳಗಾದರೆ ನಾವು ಹೋಗುವ ಮೊದಲೇ ಅವರು ಧೂಳು ಏಳದಂತೆ ಅಂಕಣಕ್ಕೆ ನೀರು ಹೊಡೆದಿರುತ್ತಿದ್ದರು. ಅವರು ಯಾರನ್ನಾದರೂ ಹೊಗಳಿದ್ದು ನನಗೆ ನೆನಪಿಲ್ಲ. ಬಿದ್ದು ಮೊಣಕಾಲು ತರಚಿದರೆ ತಮ್ಮ ಟವೆಲ್ಲಿನಿಂದಲೇ ಒರೆಸಿ, "ಏಳವ್ವ" ಎನ್ನುತ್ತಿದ್ದರು, ಅಷ್ಟೇ.

ಹೊಸ ಸರ್ ಮಾಡಿದ ಮೊದಲ ಕೆಲಸವೆಂದರೆ ಪ್ರಾಕ್ಟೀಸನ್ನು ಮುಂಜಾನೆಯಿಂದ ಸಂಜೆಗೆ ಬದಲಿಸಿದ್ದು. ಅವರ ಮನೆ ಇದ್ದದ್ದು ಹಾವೇರಿಯಲ್ಲಿ. ಬೆಳಗಿನ ಹೊತ್ತಿಗೆ ಬಂದು ಮುಟ್ಟುವುದು ಅವರಿಗೆ ಆಗುತ್ತಿರಲಿಲ್ಲ. ನಮ್ಮ ಕ್ಯಾಪ್ಟನ್ ಮೇಡ್ಲೇರಿಯವಳು. ಕಂಬದ ಹತ್ತಿರ ನೆಲಕ್ಕೆ ಹಾರಿ ಎದುರಾಳಿಯನ್ನು ಮುಟ್ಟುವುದರಲ್ಲಿ ಅವಳಂಥವಳು ಇನ್ನೊಬ್ಬಳಿರಲಿಲ್ಲ. ಸಂಜೆ ಆಡಿದರೆ ಊರಿಗೆ ಹೋಗುವ ಬಸ್ ತಪ್ಪುತ್ತಿತ್ತು. ಅವಳ ಅಪ್ಪ ಒಪ್ಪಲಿಲ್ಲ. ವಾರ ಕಳೆಯುವುದರೊಳಗೆ ಸರ್ ಅವಳನ್ನು ಟೀಮಿನಿಂದ ತೆಗೆದರು.

ನಾನು ಎಲ್ಲರ ಎದುರೇ ಕೇಳಿದೆ. "ನಿಮ್ಮ ಬಸ್ಸಿನ ಸಲುವಾಗಿ ಆಕಿ ಬಸ್ ತಪ್ಪಬೇಕೇನ್ರಿ ಸರ್?"

"ಯಾರ ಹತ್ರ ಮಾತಾಡ್ತಿದೀಯ ಅಂತ ಗೊತ್ತಾ?" ಎಂದರು. ಅಂದು ಸಂಜೆಯೆಲ್ಲ ನನ್ನನ್ನು ಮೈದಾನದ ಸುತ್ತ ಓಡಿಸಿದರು. ತಾವು ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಮೊಬೈಲ್ ಒತ್ತುತ್ತಿದ್ದರು.

ರವಿವಾರ ಟೀಮಿನ ನಾವು ಮೂವರು ಹಳೇ ಸರ್ ಮನೆಗೆ ಹೋದೆವು. ಅವರ ಮನೆಯವರು ಚುರುಮುರಿ, ಚಹಾ ಕೊಟ್ಟರು. ಕ್ಯಾಪ್ಟನ್ ಪರವಾಗಿ ಪ್ರಿನ್ಸಿಪಾಲರಿಗೆ ಒಂದು ಮಾತು ಹೇಳಿರೆಂದು ಬೇಡಿಕೊಂಡೆವು. ಸರ್ ಚಹಾದ ಲೋಟ ಕೆಳಗಿಟ್ಟರು.

"ನಾ ಬಿಟ್ಟು ಬಂದ ಜಾಗಾದಾಗ ಕೈ ಹಾಕಬಾರದವ್ವ. ಅವರಿಗೂ ಒಂದು ವರ್ಷ ಕೊಡ್ರಿ, ನೋಡೂಣು."

"ಆಕಿಗೆ ಉಳದಿರೂದ ಈ ಒಂದು ವರ್ಷ ಐತ್ರಿ ಸರ್" ಎಂದೆ. ಅವಳು ಬಿ.ಎ. ಕೊನೆಯ ವರ್ಷದಲ್ಲಿದ್ದಳು. ಅವರು ಚುರುಮುರಿಯ ತಟ್ಟೆಯನ್ನು ನಮ್ಮ ಕಡೆ ಸರಿಸಿದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.

ಕಂಬದ ಜಾಗ ನನಗೆ ಬಂತು. ನೆಲಕ್ಕೆ ಹಾರುವ ಮೊದಲು ಹೆಗಲಿನಿಂದ ಸುಳ್ಳು ದಿಕ್ಕು ತೋರಿಸಿ ಎದುರಾಳಿಯನ್ನು ದಾರಿ ತಪ್ಪಿಸುವುದನ್ನು ಹೊಸ ಸರ್ ಹೇಳಿಕೊಟ್ಟರು. ಆ ವಿದ್ಯೆ ಹಳೇ ಸರ್‌ಗೆ ಗೊತ್ತಿರಲಿಲ್ಲ, ಅದು ಖರೇ. ಬ್ಯಾಡಗಿಯಲ್ಲಿ ನಡೆದ ಪಂದ್ಯಾವಳಿಯ ಫೈನಲ್ಲಿನಲ್ಲಿ ಅದೇ ಪಟ್ಟಿನಿಂದ ನಾನು ಕೊನೆಯ ಓಟಗಾರ್ತಿಯನ್ನು ಮುಟ್ಟಿದೆ. ಕಪ್ ನಮಗೆ ಬಂತು. ಅಲ್ಲಿಯವರೆಗೆ ಹೊಸ ಸರ್‌ಗೆ ಹಿಂದಿನಿಂದ ಬೈಯುತ್ತಿದ್ದ ಲೆಕ್ಚರರುಗಳೇ ಅವರ ಕೊರಳಿಗೆ ಹಾರ ಹಾಕಿದರು. "ಹಳಬ್ರನ್ನೂ ಮೀರಿಸಿದ್ರಿ ಬಿಡ್ರಿ" ಎಂದವರೂ ಇದ್ದರು. ಫೋಟೋಕ್ಕೆ ಕರೆದಾಗ ನಾನು ಹೋಗಲಿಲ್ಲ. ನಳದ ಹತ್ತಿರ ಬೇಕೆಂದೇ ನಿಧಾನವಾಗಿ ಕಾಲು ತೊಳೆಯುತ್ತ ನಿಂತೆ.

ಸೋಮವಾರ ಕಾಲೇಜಿನ ವರಾಂಡದಲ್ಲಿ ಮೇಡ್ಲೇರಿಯವಳು ನನ್ನ ಕೈ ಹಿಡಿದು "ಛಲೋ ಆಡಿದಿ ಅಂತಲ್ಲ" ಎನ್ನುತ್ತಿರುವಾಗಲೇ ಹೊಸ ಸರ್ ಎದುರಾದರು. ಗೆದ್ದ ಖುಷಿ ಇನ್ನೂ ಅವರ ಮುಖದ ಮೇಲಿತ್ತು.

"ನೀನೂ ಇದ್ದಿದ್ರೆ ಚೆನ್ನಾಗಿರ್ತಿತ್ತಮ್ಮ" ಎಂದರು.

"ಇದ್ದೆನಲ್ರಿ ಸರ್, ಮುಂಜಾನೆ" ಎಂದಳು ಅವಳು. ದನಿ ಏರಿಸಲಿಲ್ಲ. ಸರ್ ನಕ್ಕು ಮುಂದೆ ಹೋದರು. ಅವರಿಗೆ ಅರ್ಥವಾಯಿತೋ ಇಲ್ಲವೋ ಗೊತ್ತಿಲ್ಲ.

ಆಮೇಲೆ ಅವರು ಇನ್ನೂ ಕೆಲವು ಕಪ್ ಗೆದ್ದರು. ರಾಣೆಬೆನ್ನೂರಿಗೆ ಹೋದಾಗ ಯಾರಾದರೂ ಅವರ ಮಾತು ತೆಗೆದು, ನಿಮಗೂ ಅವರೇ ಸರ್ ಅಲ್ಲವೇ ಎಂದು ಕೇಳುತ್ತಾರೆ. ಹೌದು, ಒಂದು ಪಟ್ಟು ಕಲಿಸಿದರು ಎನ್ನುತ್ತೇನೆ. ಅದಕ್ಕಿಂತ ಹೆಚ್ಚು ಹೇಳಲು ಇಂದಿಗೂ ನನಗೆ ಮನಸ್ಸಿಲ್ಲ.