ಮೈದುನ ನುಂಗಿದ ಗುಂಡುಸೂಜಿ

ನನ್ನ ಮೈದುನ ದರ್ಜಿ. ಮೀಸೆ ಚಿಗುರಿದಾಗಿನಿಂದ ಅದೇ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಯ ಮೈಮೇಲೆ ಬಟ್ಟೆ ಇಟ್ಟು ಅಳತೆ ಸರಿಮಾಡುವಾಗ ಗುಂಡುಸೂಜಿಗಳನ್ನು ತುಟಿಯ ನಡುವೆ ಸಾಲಾಗಿ ಕಚ್ಚಿಕೊಂಡು, ಒಂದೊಂದೇ ತೆಗೆದು ಚುಚ್ಚುತ್ತಾನೆ. ಅಷ್ಟು ಹೊತ್ತೂ ಮಾತೆಲ್ಲ ಹುಬ್ಬಿನಲ್ಲೇ. ನುಂಗಿಬಿಟ್ಟೀರಿ ಎಂದು ಹೇಳಿ ಹೇಳಿ ಅವನ ಹೆಂಡತಿ ಸೋತಿದ್ದಳು. "ಇರಲಿ ಬಿಡಕ್ಕ, ಅಷ್ಟು ಹೊತ್ತಾದ್ರೂ ಬಾಯಿ ಮುಚ್ಚಿರ್ತಾರೆ" ಎಂದು ನನ್ನ ಹತ್ತಿರ ನಗುತ್ತಿದ್ದಳು.

ನಾನು ಅದೇ ಕೋಣೆಯಲ್ಲಿ ಗುಂಡಿ ಹೊಲಿಯುತ್ತಾ ಕೂರುವವಳು. ಒಂದು ಬೆಳಗ್ಗೆ ಕೋಟಿನ ತೋಳಿಗೆ ಸೂಜಿ ಚುಚ್ಚುತ್ತಿದ್ದವನು ಕೆಮ್ಮಿದ. ಸೂಜಿಗಳು ನೆಲಕ್ಕೆ ಉದುರಿದವು. ಆರಿಸಿ ಡಬ್ಬಿಗೆ ಹಾಕಿದ. ಮಧ್ಯಾಹ್ನ ಮೊದಲ ತುತ್ತಿಗೇ ಎದೆ ಹಿಡಿದುಕೊಂಡು ಎದ್ದ. ಹೆಂಡತಿ ಒಳಗೆ ಹೋದ ಮೇಲೆ ನನ್ನ ಪಕ್ಕ ಬಂದು ಕೂತ.

"ಅತ್ತಿಗೆ, ಒಂದು ಸೂಜಿ ಒಳಗೆ ಹೋಗಿದೆ. ಎದೆಮೂಳೆ ಹಿಂದೆ ಚುಚ್ತಾ ಇದೆ. ಅವಳಿಗೆ ಹೇಳ್ಬೇಡಿ, ಜನ್ಮಪೂರ್ತಿ ಆಡಿಕೊಳ್ತಾಳೆ."

ಅಲ್ಲಿಂದ ಅವನಿಗೆ ಮನೆಯೇ ಸೆರೆಮನೆ. ಬಗ್ಗಿದರೆ ಸೂಜಿ ಹೃದಯಕ್ಕೆ ನಾಟುತ್ತದೆಂದು ಬಗ್ಗಲಿಲ್ಲ. ಮಲಗಿದರೆ ಸರಿಯುತ್ತದೆಂದು, ಗೋಡೆಗೆ ಆನಿಸಿದ ಕುರ್ಚಿಯಲ್ಲಿ ನೆಟ್ಟಗೆ ಕೂತೇ ಕಣ್ಣು ಮುಚ್ಚುತ್ತಿದ್ದ. ಮೆಷಿನ್ ತುಳಿಯಲೂ ಭಯ. ನಗಿಸುವ ಗಿರಾಕಿ ಬಂದರೆ ಕೈಮುಗಿದು ಕಳಿಸುತ್ತಿದ್ದ. ಎಂಜಲು ನುಂಗಿದರೂ ಕಣ್ಣಲ್ಲಿ ನೀರು. "ನನ್ನ ಅಡುಗೆ ಮೇಲೇನು ಮುನಿಸು?" ಎಂದು ಅವಳು ಕೇಳಿದರೆ ಹಲ್ಲುನೋವು ಎನ್ನುತ್ತಿದ್ದ. ಆ ಗುಟ್ಟು ನನಗೂ ಬಿಸಿ ತುಪ್ಪವಾಯಿತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ.

ನೀರನ್ನೂ ಬಿಟ್ಟಾಗ ನಾನು ಸುಮ್ಮನಿರಲಿಲ್ಲ. ಅವನ ಎದುರೇ ಓರಗಿತ್ತಿಗೆ ಹೇಳಿದೆ. ಅವಳು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡು "ಏಳಿ" ಎಂದಳಷ್ಟೆ.

ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಸೂಜಿ ಕಾಣಲಿಲ್ಲ.

"ಮೂಳೆ ಮರೆಯಲ್ಲಿರಬೇಕು ಡಾಕ್ಟ್ರೇ" ಎಂದ ಮೈದುನ.

"ಸೂಜಿ ಇದ್ದಿದ್ರೆ ಕಾಣ್ತಿತ್ತು. ಇರಲಿ, ಒಳಗೇ ನೋಡೋಣ" ಎಂದರು ಡಾಕ್ಟರಮ್ಮ.

ಗಂಟಲು ಮರಗಟ್ಟಿಸಿ, ತುದಿಯಲ್ಲಿ ಕ್ಯಾಮೆರಾ ಇರುವ ಸಣ್ಣ ಕೊಳವೆ ಇಳಿಸಿದರು. ಆಮೇಲೆ ಚಿತ್ರವನ್ನು ಹಾಳೆಯಲ್ಲಿ ಅಚ್ಚುಮಾಡಿ ನಮ್ಮ ಕೈಗೆ ಕೊಟ್ಟರು. ಅನ್ನನಾಳದ ಒಳಗೋಡೆಯಲ್ಲಿ ಅಲ್ಲಲ್ಲಿ ಹುಣ್ಣು.

"ಈಚೆಗೆ ಜ್ವರ ಬಂದಿತ್ತಾ? ತುಟಿ ಮೇಲೆ ಗುಳ್ಳೆ?"

"ಎರಡೂ ಇತ್ತು. ಆ ತುಟೀಲೇ ಸೂಜಿ ಕಚ್ಕೊಂಡು ಮೆರೀತಿದ್ರು" ಎಂದಳು ಓರಗಿತ್ತಿ.

"ಆ ಗುಳ್ಳೆ ತರೋ ವೈರಸ್ಸೇ ಅನ್ನನಾಳಕ್ಕೂ ಇಳಿದಿರೋ ಹಾಗಿದೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದೀನಿ. ಗಟ್ಟಿಮುಟ್ಟಾಗಿರೋರಿಗೆ ಇದು ಅಪರೂಪ, ಬರೋದೇ ಇಲ್ಲ ಅಂತಲ್ಲ. ಹೆಚ್ಚಾಗಿ ತಾನಾಗೇ ಮಾಯುತ್ತೆ. ಔಷಧಿನೂ ಕೊಡ್ತೀನಿ."

"ಮತ್ತೆ ಸೂಜಿ?"

"ಇಲ್ಲಪ್ಪ, ಒಂದೂ ಇಲ್ಲ."

ನೀರು ಇಳಿಯದ್ದರಿಂದ ಡ್ರಿಪ್ ಹಾಕಿ ವಾರ್ಡಿಗೆ ಸೇರಿಸಿಕೊಂಡರು. ಮಂಚದ ಮೇಲೂ ಅವನು ನೆಟ್ಟಗೇ ಕೂತ. ಓರಗಿತ್ತಿ ಆ ಚಿತ್ರವನ್ನು ಅವನ ತೊಡೆಯ ಮೇಲಿಟ್ಟಳು. "ದರ್ಜಿ ಕಣ್ಣಲ್ವಾ? ಹುಡುಕಿ. ಸಿಕ್ಕಿದ್ರೆ ನಾನೂ ನಂಬ್ತೀನಿ."

ಕಿಟಕಿಯ ಬೆಳಕಿಗೆ ಹಿಡಿದು, ಓರೆಮಾಡಿ, ಬಹಳ ಹೊತ್ತು ನೋಡಿದ. ಚಿತ್ರವನ್ನು ಪಕ್ಕಕ್ಕಿಟ್ಟ. ಒಂದು ಕೈ ಎದೆಯ ಮೇಲಿಟ್ಟುಕೊಂಡು ಮೆಲ್ಲಗೆ ಹಿಂದಕ್ಕೆ ವಾಲಿದ. ತಲೆ ದಿಂಬಿಗೆ ತಾಗುವವರೆಗೆ ಉಸಿರು ಬಿಟ್ಟಿರಲಿಲ್ಲ. ನೋವೇನೂ ಕಡಿಮೆಯಾಗಿರಲಿಲ್ಲವಂತೆ.

ಸ್ವಲ್ಪ ಹೊತ್ತಿಗೆ ಗೊರಕೆ ಶುರುವಾಯಿತು. ಪಕ್ಕದ ಮಂಚದವರು ಗೊಣಗಿದರು. ಓರಗಿತ್ತಿ ಅವನನ್ನು ಎಬ್ಬಿಸಲು ಯಾರಿಗೂ ಬಿಡಲಿಲ್ಲ.